ನಿಂತುಹೋದ ಕಪ್ಪಿನಲ್ಲಿ ಗೋಲು ಹೊಡೆದವರು

ಶುಕ್ರವಾರ ಬೆಳಿಗ್ಗೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಾ ಕೆಳಗೆ ನೋಡಿದರೆ, ನನ್ನ ಗಂಡ ಪಾರ್ಕಿಂಗಿನಲ್ಲಿ ನಿಂತ ಕಾರಿನೊಳಗೆ ಕುಳಿತು ಮಾತಾಡುತ್ತಿದ್ದರು. ಪಕ್ಕದ ಸೀಟಿನಲ್ಲಿ ಯಾರೂ ಇಲ್ಲ. ಕಿವಿಯಲ್ಲಿ ಫೋನಿಲ್ಲ. ಎಸಿಗಾಗಿ ಇಂಜಿನ್ ಚಾಲೂ ಇಟ್ಟು, ಕಣ್ಣು ಅರ್ಧ ಮುಚ್ಚಿ, ತುಟಿಯನ್ನು ಮಾತ್ರ ಪಟಪಟ ಅಲ್ಲಾಡಿಸುತ್ತಿದ್ದರು. ಹಾಲು ತರುತ್ತೇನೆಂದು ಇಳಿದ ಮನುಷ್ಯ. ಹಾಲಿನ ಅಂಗಡಿ ನಮ್ಮ ಕಟ್ಟಡದ ಬುಡದಲ್ಲೇ ಇದೆ, ಅದಕ್ಕೆ ಕಾರು ಯಾಕೆ?

ನನ್ನದು ಹುಟ್ಟಿನಿಂದಲೇ ಸಂಶಯದ ಬುದ್ಧಿ. ಕಿವಿರು ಎತ್ತಿ ನೋಡದೆ ಮೀನು ಕೊಂಡವಳಲ್ಲ, ತಾರೀಖು ಓದದೆ ಮೊಸರಿನ ಡಬ್ಬಿ ಬುಟ್ಟಿಗೆ ಹಾಕಿದವಳಲ್ಲ. ನನ್ನ ಹತ್ತಿರ ಟ್ಯೂಷನ್ನಿಗೆ ಬರುವ ಮಕ್ಕಳು ಹೋಮ್‌ವರ್ಕ್ ಪುಸ್ತಕ ಮರೆತೆ ಎಂದರೆ ಬ್ಯಾಗನ್ನು ನಾನೇ ತೆರೆದು ನೋಡುತ್ತೇನೆ, ಹತ್ತರಲ್ಲಿ ಒಂಬತ್ತು ಸಲ ಪುಸ್ತಕ ಅಲ್ಲೇ ಇರುತ್ತದೆ. ಅಂಥವಳ ಕಣ್ಣೆದುರು ಗಂಡ ಹೀಗೆ ಕುಳಿತರೆ ಮನಸ್ಸು ಸುಮ್ಮನಿರುತ್ತದೆಯೇ? ಈಗಿನ ಕಾರಿನಲ್ಲಿ ಫೋನನ್ನು ಕಿವಿಗೆ ಇಡುವುದೇ ಬೇಡ, ಎಲ್ಲ ಮಾತೂ ಸ್ಪೀಕರಿನಲ್ಲೇ ಆಗುತ್ತದೆ ಎಂಬುದು ನನಗೆ ತಿಳಿಯದ್ದೇನಲ್ಲ. ಒದ್ದೆ ಚೂಡಿದಾರವನ್ನು ಹಗ್ಗದ ಮೇಲೆ ಎಸೆದು ಅಲ್ಲೇ ನಿಂತುಬಿಟ್ಟೆ.

ಅವರ ಕೆಲಸ ಒಮಾನಿನ ದೂರದ ದುಕ್ಮ್‌ನಲ್ಲಿ, ಬಂದರಿನ ಹತ್ತಿರದ ಒಂದು ಕಟ್ಟಡ ಕಾಮಗಾರಿಯಲ್ಲಿ. ಅಲ್ಲಿ ಗಾಳಿ, ಸಮುದ್ರ, ಕ್ಯಾಂಪು ಬಿಟ್ಟರೆ ಸಂಸಾರಕ್ಕೆ ಬೇಕಾದದ್ದೇನೂ ಇಲ್ಲ. ಆದ್ದರಿಂದ ನಾನೂ ಒಂಬತ್ತನೇ ತರಗತಿಯ ಮಗಳೂ ಮಸ್ಕತ್ತಿನ ಅಲ್ ಅಜೈಬಾದಲ್ಲಿ. ಎರಡು ವಾರಕ್ಕೊಮ್ಮೆ ಗುರುವಾರ ಸಂಜೆ ಕಂಪನಿಯ ಬಸ್ಸು ಅವರನ್ನು ಇಳಿಸಿ ಹೋಗುತ್ತದೆ, ಶನಿವಾರ ಮತ್ತೆ ಹತ್ತಿಸಿಕೊಳ್ಳುತ್ತದೆ. ಮನೆಯಲ್ಲಿ ನಮ್ಮ ಮಾತು ತುಳು, ಜಗಳ ಮಾತ್ರ ಕನ್ನಡದಲ್ಲಿ. ಮಗಳಿಗೆ ತುಳು ಬರುತ್ತದೆ, ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಅರಬ್ಬಿ ಕಲಿಯುತ್ತಾಳೆ, ಕನ್ನಡ ಒಂದು ಮಾತ್ರ ತಲೆಗೆ ಹೋಗುವುದಿಲ್ಲ. ಹಾಗಾಗಿ ನಾವು ಕನ್ನಡಕ್ಕೆ ಇಳಿದ ತಕ್ಷಣ ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೋಣೆಗೆ ಹೋಗುತ್ತಾಳೆ.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಕನ್ನಡ ಜಾಸ್ತಿಯಾಗಿತ್ತು. ದುಕ್ಮ್‌ನಿಂದ ಫೋನು ಮಾಡಿ ಮಗಳ ಪರೀಕ್ಷೆ ಯಾವಾಗ ಎಂದು ಕೇಳುತ್ತಿದ್ದರು. ಹೇಳಿದರೆ, ಸ್ವಲ್ಪ ಹೊತ್ತಿಗೆ ಅದನ್ನೇ ಮತ್ತೆ ಕೇಳುತ್ತಿದ್ದರು. ಮನಸ್ಸು ಬೇರೆಲ್ಲೋ ಇರುವ ಗಂಡಸು ಮಾತ್ರ ಹೀಗೆ ಕೇಳುವುದೆಂದು ನನ್ನ ಲೆಕ್ಕ. ಒಂದೇ ರಜೆಯಲ್ಲಿ ಎರಡು ಸಲ ಒಮಾನಿ ಹಲ್ವಾ ತಂದರು. ಮೊದಲನೆಯ ಡಬ್ಬಿ ಮುಚ್ಚಳ ತೆರೆಯದೆ ಮೇಜಿನ ಮೇಲಿತ್ತು, ಅದರ ಪಕ್ಕದಲ್ಲೇ ಎರಡನೆಯದನ್ನು ಇಟ್ಟು ನನ್ನ ಮುಖ ನೋಡಿ ನಕ್ಕರು. ಮದುವೆಯಾದ ಹೊಸದರಲ್ಲೂ ಇಷ್ಟು ಸಿಹಿ ತಂದ ಮನುಷ್ಯನಲ್ಲ. ಏನೋ ತಪ್ಪು ಮಾಡಿ ಮುಚ್ಚಿಕೊಳ್ಳಲು ತರುತ್ತಿದ್ದಾರೆ ಎಂದೇ ತೀರ್ಮಾನಿಸಿದೆ.

ಕೆಳಗಿನ ಮಹಡಿಯಲ್ಲಿ ಒಬ್ಬರು ಬ್ಯಾರಿ ಹೆಂಗಸು ಇದ್ದಾರೆ, ಉಳ್ಳಾಲದ ಕಡೆಯವರು. ಅವರ ಯಜಮಾನರಿಗೆ ಸಹಮ್‌ನಲ್ಲಿ ಅಂಗಡಿ. ಅವರೂ ವಾರಕ್ಕೊಮ್ಮೆ ಬರುವವರೇ. ಇಬ್ಬರ ಕಷ್ಟವೂ ಒಂದೇ ಆದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಕೂಡುತ್ತದೆ. ಅವರ ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ಹೇಳಿದೆ.

“ಅಯ್ಯೋ ಟೀಚರೇ, ನಿಮ್ಮ ಗಂಡನಿಗೆ ಕ್ಯಾಂಪಿನಲ್ಲಿ ಯಾವ ಹೆಂಗಸು ಸಿಕ್ಕೀತು ಮಾರಾಯ್ರೆ! ಅಲ್ಲಿ ಇರುವುದು ಗಂಡಸರು, ಒಂಟೆ, ಎರಡೇ,” ಅಂದರು.

“ಫೋನಿನಲ್ಲಿ ಸಿಗಲಿಕ್ಕೆ ಕ್ಯಾಂಪು ಯಾಕೆ?”

ಅವರು ಕಾವಲಿಯ ಮೇಲಿನ ಪತ್ತಿರ್ ಅಕ್ಕಿರೊಟ್ಟಿಯನ್ನು ಮಗುಚುತ್ತಾ, “ಹಾಗಾದರೆ ಹಿಂದಿನಿಂದ ಹೋಗಿ ಕೇಳಿ ಒಮ್ಮೆ. ಇಲ್ಲದ್ದು ತಲೆಗೆ ಹಚ್ಚಿಕೊಂಡು ಊಟ ಬಿಡಬೇಡಿ,” ಅಂದರು.

ಮುಂದಿನ ರಜೆಯಲ್ಲಿ ಅದನ್ನೇ ಮಾಡಿದೆ. ಅವರು ಹಾಲಿಗೆಂದು ಇಳಿದ ಮೇಲೆ ಕಸದ ಚೀಲ ಹಿಡಿದು ನಾನೂ ಇಳಿದೆ. ಬೀದಿಯ ಕಸದ ತೊಟ್ಟಿಗೆ ಹೋಗುವ ದಾರಿ ನಮ್ಮ ಕಾರಿನ ಹಿಂದೆಯೇ. ಕಿಟಕಿಯ ಗಾಜು ಎರಡು ಬೆರಳಿನಷ್ಟು ಇಳಿದಿತ್ತು. ಕಿವಿಯಿಟ್ಟೆ. ಹೆಣ್ಣಿನ ಧ್ವನಿ ಇಲ್ಲ, ಯಾವ ಧ್ವನಿಯೂ ಇಲ್ಲ, ಅವರೊಬ್ಬರದೇ. ಒಂದು ಇಸವಿ, ಅದರ ಹಿಂದೆ ನಾಲಿಗೆ ತಿರುಗದ ಒಂದು ಹೆಸರು. ಮತ್ತೊಂದು ಇಸವಿ, ಮತ್ತೊಂದು ಹೆಸರು. ಕೆಲವು ಇಸವಿಗೆ ಇಬ್ಬರು ಮೂವರು. ನಾವು ಸಣ್ಣವರಿದ್ದಾಗ ಮಗ್ಗಿ ಹೇಳುತ್ತಿದ್ದ ರಾಗದಲ್ಲೇ, ತಡವರಿಸದೆ.

ಬಾಗಿಲು ಎಳೆದು ತೆರೆದೆ. ಸೀಟಿನಿಂದ ಹಾರಿಬಿದ್ದರು.

“ಎಂತ ಇದು?”

“ಏನಿಲ್ಲ ಮಾರಾಯ್ತಿ. ಫುಟ್‌ಬಾಲ್.”

“ಫುಟ್‌ಬಾಲ್ ಆಡುವುದು ಮೈದಾನದಲ್ಲಿ.”

ಮೆಲ್ಲಗೆ ಬಾಯಿಬಿಟ್ಟರು. ಯುರೋಪಿನಲ್ಲಿ ಒಂದು ಪಂದ್ಯಾವಳಿ ಇತ್ತಂತೆ. ಬೇರೆ ಬೇರೆ ದೇಶಗಳಲ್ಲಿ ತಮ್ಮ ತಮ್ಮ ಕಪ್ ಗೆದ್ದ ಕ್ಲಬ್ಬುಗಳೆಲ್ಲ ಸೇರಿ ಆಡುವ ಇನ್ನೊಂದು ಕಪ್ಪು. ಇವರು ಕಾಲೇಜಿನಲ್ಲಿದ್ದಾಗ ಅದನ್ನು ನಿಲ್ಲಿಸಿಬಿಟ್ಟರು. ಮಂಗಳೂರಿನಲ್ಲಿ ಇವರ ಅಣ್ಣ ಗುಜರಿಯಿಂದ ಹಳೆಯ ಕ್ರೀಡಾ ಪತ್ರಿಕೆಗಳನ್ನು ಹೊತ್ತು ತರುತ್ತಿದ್ದರು. ಯಾವ ವರ್ಷ ಆ ಕಪ್ಪಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಯಾರು ಎಂಬುದನ್ನು ತಮ್ಮನಿಗೆ ಬಾಯಿಪಾಠ ಮಾಡಿಸಿದ್ದರು. ಹೇಳುವಾಗ ಒಬ್ಬನನ್ನು ಬಿಟ್ಟರೆ ತಲೆಗೊಂದು ಕುಟ್ಟು. ಈಗ ಸುಮ್ಮನೆ ನೆನಪಾಯಿತು, ಹೇಳಿಕೊಂಡೆ, ಅಷ್ಟೇ ಎಂದರು.

ಅಷ್ಟೇ ಎಂದರೆ ನಂಬುವವಳು ಬೇರೆ ಯಾರಾದರೂ ಇರಬಹುದು. ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ. ಅಂಥದ್ದೊಂದು ಕಪ್ಪು ನಿಜವಾಗಿಯೂ ಇತ್ತು, ನಿಜವಾಗಿಯೂ ನಿಂತುಹೋಗಿತ್ತು. ಮಧ್ಯಾಹ್ನ ಊಟವಾದ ಮೇಲೆ ಫೋನು ಹಿಡಿದು ಅವರ ಎದುರು ಕುಳಿತೆ. “ಹೇಳಿ ನೋಡುವ,” ಅಂದೆ. ಮೊದಲ ವರ್ಷದಿಂದ ಕೊನೆಯ ವರ್ಷದವರೆಗೆ ಹೇಳಿದರು. ಒಂದೂ ತಪ್ಪಿಲ್ಲ. ಬಿಡದೆ, ಹಿಂದಿನಿಂದ ಹೇಳಿ ಎಂದೆ. ಹಿಂದಿನಿಂದಲೂ ಹೇಳಿದರು. ಮುಗಿಸಿದಾಗ ಅವರ ಮುಖದಲ್ಲಿ ಒಂದು ಸಮಾಧಾನ ಕಂಡಿತು. ಅದೇ ನನಗೆ ಸರಿಹೋಗಲಿಲ್ಲ. ಮಗ್ಗಿ ಒಪ್ಪಿಸಿ ಪಾಸಾದ ಹುಡುಗನ ಮುಖ ಅದು. ಐವತ್ತರ ಹತ್ತಿರ ಬಂದ ಗಂಡಸಿಗೆ ಯಾರದೋ ಗೋಲಿನಿಂದ ಅಂಥ ಸಮಾಧಾನ ಯಾಕೆ?

“ಅಮ್ಮಾ, ಇಟ್ಸ್ ಜಸ್ಟ್ ಫುಟ್‌ಬಾಲ್,” ಎಂದಳು ಮಗಳು. ಅಪ್ಪ ಮಗಳು ಸೇರಿ ನಕ್ಕರು. ನಾನು ನಗಲಿಲ್ಲ. ಕಾರಿನಲ್ಲಿ ಹೆಣ್ಣಿಲ್ಲ ಎಂಬುದೊಂದು ಖಾತ್ರಿಯಾಗಿತ್ತು, ಏನೋ ಅಡಗಿಸುತ್ತಿದ್ದಾರೆ ಎಂಬ ಅನುಮಾನ ಮಾತ್ರ ಇನ್ನಷ್ಟು ಗಟ್ಟಿಯಾಯಿತು. ರಹಸ್ಯವಲ್ಲದಿದ್ದರೆ ಮನೆಯ ಸೋಫಾದ ಮೇಲೆ ಕುಳಿತು ಹೇಳಬಹುದಿತ್ತಲ್ಲ. ಆ ಹೆಸರುಗಳಲ್ಲಿ ಯಾವುದೋ ಬ್ಯಾಂಕಿನ ಪಾಸ್‌ವರ್ಡು ಇದೆಯೋ ಎಂದೂ ಯೋಚಿಸಿದೆ. ಈಗ ನೆನೆದರೆ ನನ್ನ ತಲೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಅದರ ಮುಂದಿನ ರಜೆಯ ಗುರುವಾರ ರಾತ್ರಿ ಕೆಳಮನೆಯವರನ್ನು ಊಟಕ್ಕೆ ಕರೆದಿದ್ದೆ. ಕೋರಿ ರೊಟ್ಟಿ ಮಾಡಿದ್ದೆ. ಸಹಮ್‌ನ ಯಜಮಾನರೂ ಇವರೂ ಕುಳಿತು ಬಹಳ ಹೊತ್ತು ಮಾತಾಡಿದರು. ಮಾರನೆಯ ಬೆಳಿಗ್ಗೆ ನಾವಿಬ್ಬರೇ ಸೀಬ್‌ನ ಮಾರುಕಟ್ಟೆಗೆ ಮೀನಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ಐಸ್ ಪೆಟ್ಟಿಗೆ. ವರ್ಷಗಟ್ಟಲೆ ಅವರು ಕಣ್ಣು ಮುಚ್ಚಿಕೊಂಡು ಓಡಿಸಿದ ದಾರಿ ಅದು.

ಸೀಬ್‌ನ ತಿರುವು ಬಂತು. ಹೋಯಿತು. ಕಾರು ನೇರ ಮುಂದಿನ ಊರು ಬರ್ಕಾದ ಕಡೆ ಓಡುತ್ತಿತ್ತು.

“ಟರ್ನಿಂಗ್ ಹೋಯ್ತಲ್ಲ,” ಅಂದೆ.

“ಯಾವ ಟರ್ನಿಂಗ್?” ಎಂದರು. ಸ್ವಲ್ಪ ಹೊತ್ತು ಹಾಗೆಯೇ ಓಡಿಸಿ, ರಸ್ತೆಯ ಬದಿಗೆ ಎಳೆದು ನಿಲ್ಲಿಸಿದರು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ಶುರುವಾಯಿತು, ಆ ಇಸವಿ, ಆ ಹೆಸರು, ಆ ರಾಗ.

ಇದು ಆಟದ ಹುಚ್ಚಲ್ಲ, ಈ ಮನುಷ್ಯ ತನ್ನ ತಲೆಯನ್ನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಾನೆ ಎಂದು ಆ ಕ್ಷಣದಲ್ಲಿ ಹೊಳೆಯಿತು.

ಪೂರ್ತಿ ಮುಗಿಸಲು ಬಿಟ್ಟೆ. ಒಂದೂ ತಪ್ಪಲಿಲ್ಲ. ಉಸಿರು ಬಿಟ್ಟು ನನ್ನ ಕಡೆ ತಿರುಗಿದರು. “ಎಲ್ಲ ಸರಿ ಉಂಟು,” ಅಂದರು.

“ಹೌದು, ಸರಿ ಉಂಟು. ಈಗ ನಾವು ಎಲ್ಲಿಗೆ ಹೊರಟದ್ದು?”

ಅವರು ಉತ್ತರಿಸುವ ಮೊದಲು ಕಣ್ಣು ಒಮ್ಮೆ ಕನ್ನಡಿಯ ಕಡೆ ಹೋಯಿತು, ಕನ್ನಡಿಯಲ್ಲಿ ಹಿಂದಿನ ಸೀಟಿನ ಐಸ್ ಪೆಟ್ಟಿಗೆ ಕಂಡಿತು. “ಮೀನಿಗೆ ಅಲ್ವಾ?” ಎಂದರು.

ಬೇರೆ ಹೆಂಡತಿಯಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದಳು. ಆ ಕಣ್ಣು ಹೋದ ದಾರಿಯನ್ನು ನಾನು ನೋಡಿದ್ದೆ.

“ನಿನ್ನೆ ರಾತ್ರಿ ಊಟಕ್ಕೆ ಯಾರು ಬಂದಿದ್ದರು?”

ಈ ಸಲ ನೋಡಿ ಹೇಳಲು ಕಾರಿನಲ್ಲಿ ಏನೂ ಇರಲಿಲ್ಲ. ತುಟಿ ಒದ್ದೆ ಮಾಡಿಕೊಂಡರು. ರಸ್ತೆ ನೋಡಿದರು. ಪಕ್ಕದಲ್ಲಿ ಲಾರಿಗಳು ಕಾರನ್ನು ಅಲುಗಾಡಿಸುತ್ತಾ ಹೋಗುತ್ತಿದ್ದವು. ನನ್ನ ಗಂಡ, ಯಾರಿಂದಲೂ ಬಾಯಿಮುಚ್ಚಿಸಲಾಗದಷ್ಟು ಮಾತಾಡುವ ಮನುಷ್ಯ, ತಲೆ ತಗ್ಗಿಸಿ ಕುಳಿತುಬಿಟ್ಟರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

“ಎಂತ ಆಯ್ತು ನಿಮಗೆ? ಈಗ ಹೇಳದಿದ್ದರೆ ನಾನು ಇಲ್ಲೇ ಇಳಿದು ನಡೆದು ಹೋಗ್ತೇನೆ, ದೇವರಾಣೆ.”

ಆಗ ಹೇಳಿದರು. ಕೆಲವು ವಾರಗಳ ಹಿಂದೆ, ಕಟ್ಟಡದ ಸುತ್ತ ಕಟ್ಟಿದ ಕಬ್ಬಿಣದ ಪೈಪುಗಳ ಅಟ್ಟದ ಕೆಳಗೆ ನಿಂತಿದ್ದಾಗ ಬೆವರು ಒರೆಸಿಕೊಳ್ಳಲು ಹೆಲ್ಮೆಟ್ ತೆಗೆದಿದ್ದರು. ಮೇಲಿನವರು ಇಳಿಸುತ್ತಿದ್ದ ಒಂದು ಪೈಪು ತಿರುಗಿ ಬಂದು ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ರಕ್ತ ಬರಲಿಲ್ಲ. ಕಣ್ಣಿಗೆ ಕತ್ತಲೆ ಬಂದು ಕುಳಿತರು, ನೀರು ಕುಡಿದರು, ಎದ್ದರು. ಯಾರಿಗೂ ಹೇಳಲಿಲ್ಲ. ಯಾಕೆಂದರೆ ಇವರು ಆ ಸೈಟಿನ ಸೇಫ್ಟಿ ಸೂಪರ್‌ವೈಸರ್. ಹೆಲ್ಮೆಟ್ ತೆಗೆದವರಿಗೆ ಬೈದು ಗೇಟಿನ ಹೊರಗೆ ಕಳಿಸುವುದೇ ಇವರ ಕೆಲಸ.

“ಆ ಬೋರ್ಡು ನಿನಗೆ ಗೊತ್ತುಂಟಲ್ಲ,” ಅಂದರು.

ಗೊತ್ತಿತ್ತು. ಅಪಘಾತವಿಲ್ಲದೆ ಎಷ್ಟು ದಿನ ಕಳೆಯಿತೆಂದು ತೋರಿಸುವ ಬೋರ್ಡೊಂದು ಅವರ ಸೈಟಿನ ಗೇಟಿನಲ್ಲಿದೆ. ದಿನಾ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಹಳೆಯ ಅಂಕಿ ತೆಗೆದು ಹೊಸ ಅಂಕಿ ಸಿಕ್ಕಿಸುವವರು ಇವರೇ. ಒಂದು ಪೆಟ್ಟು ವರದಿಯಾದರೂ ಅಂಕಿ ಸೊನ್ನೆಗೆ ಬರುತ್ತದೆ. ಇನ್ನೇನು ತಿಂಗಳ ಕೊನೆಗೆ ದೊಡ್ಡ ಅಂಕಿಯೊಂದು ಮುಟ್ಟುವುದಿತ್ತು. ಮುಟ್ಟಿದರೆ ಇಡೀ ಕ್ಯಾಂಪಿಗೆ ಬಿರಿಯಾನಿ ಊಟ, ಎಲ್ಲರಿಗೂ ಒಂದು ದಿನ ಹೆಚ್ಚಿನ ರಜೆ.

“ಅಷ್ಟು ಜನರದ್ದನ್ನು ನನ್ನೊಬ್ಬನ ತಲೆಯಿಂದ ಹಾಳು ಮಾಡುವುದಾ? ಅದೂ ಹೆಲ್ಮೆಟ್ ತೆಗೆದು? ಹುಡುಗರ ಮುಖ ಹೇಗೆ ನೋಡುವುದು ನಾನು? ತಿಂಗಳು ಮುಗಿಯಲಿ, ಮತ್ತೆ ಡಾಕ್ಟರಿಗೆ ತೋರಿಸ್ತೇನೆ.”

“ಅಷ್ಟರವರೆಗೆ ಫುಟ್‌ಬಾಲ್ ಮಂತ್ರ!”

“ನಗಬೇಡ. ಬೇರೆ ಕಪ್ಪಾದರೆ ವರ್ಷ ವರ್ಷ ಹೊಸಬರು ಸೇರ್ತಾರೆ, ನಾನು ಓದದೆ ಬಿಟ್ಟದ್ದೋ ಮರೆತದ್ದೋ ಗೊತ್ತಾಗುವುದಿಲ್ಲ. ಇದು ನಿಂತುಹೋದದ್ದು. ಇನ್ನು ಯಾರೂ ಗೋಲು ಹೊಡೆಯುವುದಿಲ್ಲ. ಅಂದು ಕಲಿತದ್ದು ಎಷ್ಟೋ ಅಷ್ಟೇ. ಒಬ್ಬ ಕಡಿಮೆಯಾದರೂ ತಲೆ ಕೆಟ್ಟಿತು ಅಂತ ಅರ್ಥ. ಒಬ್ಬನೂ ಕಡಿಮೆಯಾಗಲಿಲ್ಲ ನೋಡು.”

ಇದನ್ನು ದೊಡ್ಡ ಹೆಮ್ಮೆಯಿಂದ ಹೇಳಿದರು. ನಾನು ಇಳಿದು ಬಳಸಿ ಹೋಗಿ ಅವರ ಕಡೆಯ ಬಾಗಿಲು ತೆರೆದೆ. “ಆಚೆ ಕೂತ್ಕೊಳ್ಳಿ,” ಅಂದೆ. ಎದುರು ಮಾತಾಡದೆ ಸರಿದು ಕುಳಿತರು. ಎಂದೂ ನನಗೆ ಎಕ್ಸ್‌ಪ್ರೆಸ್ ವೇಯಲ್ಲಿ ಕಾರು ಕೊಡದ ಮನುಷ್ಯ. ಸುಮ್ಮನೆ ಸರಿದದ್ದೇ ನನ್ನನ್ನು ಇನ್ನಷ್ಟು ಹೆದರಿಸಿತು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಡ್ಯೂಟಿಯಲ್ಲಿದ್ದವರು ಹೈದರಾಬಾದಿನ ಕಡೆಯ ಒಬ್ಬ ಲೇಡಿ ಡಾಕ್ಟರು. ಹಿಂದಿಯಲ್ಲಿ ಮಾತಾಡಿಸಿದರು. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು, ಕೈ ಮುಂದೆ ಚಾಚಿಸಿದರು, ಗೆರೆಯ ಮೇಲೆ ನಡೆಸಿದರು. ಆಮೇಲೆ ಕೇಳಿದರು, ಇತ್ತೀಚೆಗೆ ತಲೆಗೆ ಏನಾದರೂ ಪೆಟ್ಟು ಬಿದ್ದಿತ್ತೇ?

“ನಹೀಂ. ಕುಛ್ ನಹೀಂ ಹುವಾ,” ಎಂದರು ನನ್ನ ಗಂಡ.

ಎಷ್ಟು ಶಾಂತವಾಗಿ ಎಂದರು! ಅರ್ಧ ಗಂಟೆಯ ಹಿಂದೆ ಪೈಪು, ಹೆಲ್ಮೆಟ್ಟು, ಬೋರ್ಡು ಎಲ್ಲವನ್ನೂ ಹೇಳಿದ ಬಾಯಿ ಅದೇ. ನಾನು ಅವರ ಮುಖವನ್ನು ದಿಟ್ಟಿಸಿ ನೋಡಿದೆ. ಅವರೂ ನನ್ನನ್ನು ನೋಡಿದರು. ಕಣ್ಣಲ್ಲಿ ಏನೂ ಇರಲಿಲ್ಲ, ಬಾಯಿ ಮುಚ್ಚು ಎಂಬ ಸನ್ನೆಯಿಲ್ಲ, ಸಿಟ್ಟಿಲ್ಲ, ಗಾಬರಿಯಿಲ್ಲ.

ಹುಡುಗರ ರಜೆಗಾಗಿ ಸುಳ್ಳು ಹೇಳುತ್ತಿದ್ದಾರೋ? ಅಥವಾ ನನಗೆ ಹೇಳಿದ್ದನ್ನೂ, ಪೆಟ್ಟು ಬಿದ್ದದ್ದನ್ನೂ ಸೇರಿಸಿ ಮರೆತೇಬಿಟ್ಟರೋ? ಇಷ್ಟು ದಿನ ಈ ಮನುಷ್ಯ ನನಗೆ ಸುಳ್ಳು ಹೇಳುತ್ತಿದ್ದಾನೆಂದು ಹೊಟ್ಟೆ ಉರಿಸಿಕೊಂಡು ಹಿಂದೆ ಹಿಂದೆ ತಿರುಗಿದವಳು ನಾನು. ಆ ಹಸಿರು ಪರದೆಯ ಪಕ್ಕ ನಿಂತು, ದೇವರೇ, ಇದು ಸುಳ್ಳಾಗಿರಲಿ, ನನ್ನ ಗಂಡ ಹಸಿ ಹಸಿ ಸುಳ್ಳು ಹೇಳುತ್ತಿರಲಿ ಎಂದು ಬೇಡಿಕೊಂಡೆ.

ಬೇಡಿಕೊಳ್ಳುತ್ತಲೇ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ನನ್ನ ಹಿಂದಿ ಅಷ್ಟಕ್ಕಷ್ಟೇ, ಅರ್ಧ ಕೈಯಲ್ಲಿ ತೋರಿಸಿದೆ. ಗೋಲು ಹೊಡೆದವರ ವಿಷಯವನ್ನೂ ಹೇಳಿದೆ. ಅವರು ನಗಲಿಲ್ಲ. ಹುಡುಗನಾಗಿದ್ದಾಗ ಉರುಹೊಡೆದದ್ದು ಸುಲಭವಾಗಿ ಹೋಗುವುದಿಲ್ಲ, ಅದು ಸರಿಯಾಗಿ ಬಂದ ಮಾತ್ರಕ್ಕೆ ತಲೆ ಸರಿಯಿದೆ ಎಂದಲ್ಲ, ಮೊದಲು ಕೈಬಿಡುವುದು ನಿನ್ನೆ ಮೊನ್ನೆಯದು ಎಂದರು. ಕೂಡಲೇ ಸ್ಕ್ಯಾನಿಗೆ ಕರೆದೊಯ್ದರು. ತಲೆಬುರುಡೆಯ ಕೆಳಗೆ ರಕ್ತ ವಾರಗಟ್ಟಲೆ ನಿಧಾನವಾಗಿ ಜಿನುಗಿ ನಿಂತು ಮಿದುಳನ್ನು ಒತ್ತುತ್ತಿತ್ತು. ಅಂದೇ ಆಪರೇಷನ್ ಆಗಬೇಕೆಂದರು.

ಕಾರಿಡಾರಿನಲ್ಲಿ ನಿಂತು ಸೈಟಿನ ಮ್ಯಾನೇಜರಿಗೆ ಫೋನು ಮಾಡಿದೆ. ಇವರನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದರು, ಅದಕ್ಕೇ ಕೇಳಲಿಲ್ಲ. ಪೈಪಿನ ವಿಷಯ, ಆಪರೇಷನ್ನಿನ ವಿಷಯ ಎಲ್ಲ ಹೇಳಿದೆ. “ಮೇಡಂ, ನೀವು ಅವರನ್ನು ನೋಡಿಕೊಳ್ಳಿ, ಇಲ್ಲಿಯದು ಬಿಡಿ, ಖಲಾಸ್, ನಾವು ನೋಡಿಕೊಳ್ತೇವೆ,” ಎಂದರು. ಬಿರಿಯಾನಿ ತಪ್ಪಿದ ಆ ಹುಡುಗರ ಬಗ್ಗೆ ನನಗೆ ಪಾಪ ಎನಿಸಿತು, ಆದರೆ ಫೋನು ಮಾಡಿದ್ದಕ್ಕೆ ಒಂದು ಚೂರೂ ಬೇಸರವಾಗಲಿಲ್ಲ. ಕೆಳಮನೆಯ ಹೆಂಗಸು ಮಗಳನ್ನು ಕರೆದುಕೊಂಡು ಬಂದರು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ನನ್ನ ಕೈಹಿಡಿದು ತುಳುವಿನಲ್ಲಿ ಅಪ್ಪನಿಗೆ ಏನಾಯಿತೆಂದು ಕೇಳಿದಳು. ಮೂವರೂ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕುಳಿತೆವು.

ಮಾರನೆಯ ಮಧ್ಯಾಹ್ನ ಅವರ ಹತ್ತಿರ ಬಿಟ್ಟರು. ತಲೆಗೆ ಬಿಳಿ ಕಟ್ಟು, ಮುಖ ಬಾಡಿತ್ತು. ನಾನು ಏನನ್ನೂ ಕೇಳಬಾರದೆಂದು ನಿಶ್ಚಯಿಸಿದ್ದೆ. ಹೆಸರೂ ಬೇಡ, ಇಸವಿಯೂ ಬೇಡ, ಮನುಷ್ಯ ಉಸಿರಾಡುತ್ತಿದ್ದಾರಲ್ಲ. ಅವರೇ ನನ್ನ ಕೈಯನ್ನು ಹುಡುಕಿ ಹಿಡಿದರು.

“ಡಾಕ್ಟರ ಹತ್ತಿರ ಏನೂ ಆಗಿಲ್ಲ ಅಂದೆನಲ್ಲ ನಾನು,” ಎಂದರು, ಕನ್ನಡದಲ್ಲಿ, ಮಗಳು ಪಕ್ಕದಲ್ಲಿದ್ದಳು. “ಅದು ಬೇಕಂತಲೇ ಅಂದದ್ದು. ಸುಳ್ಳು. ಸಿಟ್ಟಾಗಬೇಡ ಆಯ್ತಾ.”

ಮದುವೆಯಾದಂದಿನಿಂದ ಅವರು ಹೇಳಿದ ಯಾವ ಮಾತೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ. ಅವರ ಭುಜಕ್ಕೊಂದು ಮೆಲ್ಲಗೆ ಏಟು ಕೊಟ್ಟು, ನರ್ಸು ನೋಡುತ್ತಿದ್ದರೂ ಗಟ್ಟಿಯಾಗಿ ಅತ್ತೆ.

ಮನೆಗೆ ಹೋಗುವಾಗ ದಾರಿಯಲ್ಲಿ ನನಗೆ ಇನ್ನೊಂದು ಹೊಳೆಯಿತು. ಡಾಕ್ಟರ ಮುಂದೆ ಅವರು ಹಾಗೆ ಹೇಳಿದ್ದನ್ನು ಅಂದು ಬೆಳಿಗ್ಗೆ ಯಾರಾದರೂ, ಬಹುಶಃ ಆ ಡಾಕ್ಟರೇ, ಅವರಿಗೆ ತಿಳಿಸಿರಬಹುದು. ನಿಜವಾಗಿ ಮರೆತಿದ್ದರೂ, ಹೆಂಡತಿ ಹೆದರಿ ಸಾಯುತ್ತಾಳೆಂದು, ಬೇಕಂತಲೇ ಹೇಳಿದ ಸುಳ್ಳು ಎಂದು ಇವರು ಒಪ್ಪಿಕೊಂಡಿರಬಹುದು. ಅಷ್ಟು ಪ್ರೀತಿ ಆ ಮನುಷ್ಯನಿಗೆ ಇದೆ ಎಂಬುದೂ ನನಗೆ ಗೊತ್ತು. ಡಾಕ್ಟರನ್ನು ಒಂದು ಮಾತು ಕೇಳಿದ್ದರೆ ತಿಳಿದುಬಿಡುತ್ತಿತ್ತು. ಆಮೇಲೆ ಕಟ್ಟು ಬದಲಿಸಲು, ಹೊಲಿಗೆ ಬಿಚ್ಚಿಸಲು ಹೋದಾಗ ಎಷ್ಟೋ ಸಲ ಆ ಡಾಕ್ಟರೆದುರು ಕುಳಿತಿದ್ದೇನೆ. ಇವತ್ತಿನವರೆಗೆ ಕೇಳಿಲ್ಲ.